ಪ್ರಬಂಧದ ಮೇಲಿನ ಹೆಸರುಗಳು

2018ರಲ್ಲಿ ಹೊರಬಂದ ‘ಜೆಂಡರ್ ಶೇಡ್ಸ್’ ಎಂಬ ಸಂಶೋಧನಾ ಪ್ರಬಂಧದ ಮೇಲೆ ಇದ್ದದ್ದು ಎರಡೇ ಹೆಸರು: ಜಾಯ್ ಬುವೊಲಾಮ್ವಿನಿ, ಟಿಮ್ನಿಟ್ ಗೆಬ್ರು. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪನಿಗಳ ತಂತ್ರಾಂಶವನ್ನು ಅವರು ಆಫ್ರಿಕಾ ಮತ್ತು ಯುರೋಪಿನ ಆರು ದೇಶಗಳ ಸಂಸದರ 1,270 ಚಿತ್ರಗಳ ಮೇಲೆ ಪರೀಕ್ಷಿಸಿದ್ದರು. ತಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ಯಂತ್ರದ ತಪ್ಪು ಶೇ 0.8 ದಾಟಿರಲಿಲ್ಲ. ಕಪ್ಪು ಮೈಬಣ್ಣದ ಹೆಂಗಸರಲ್ಲಿ ಅದು ಶೇ 34.7ರವರೆಗೆ ಏರಿತ್ತು.

ಮರುವರ್ಷ ಇದರ ಮುಂದುವರಿಕೆ ಬಂತು. ಕಂಪನಿಗಳು ತಿದ್ದಿಕೊಂಡವೇ ಎಂದು ಮತ್ತೆ ಪರೀಕ್ಷಿಸಿ, ಅಮೆಜಾನ್‌ನ ತಂತ್ರಾಂಶವನ್ನೂ ಒರೆಗೆ ಹಚ್ಚಿದ ಆ ಪ್ರಬಂಧದಲ್ಲಿ ಮೊದಲ ಹೆಸರು ಡೆಬೊರಾ ರಾಜಿಯವರದು. ಆಗ ಆಕೆ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ಓದುತ್ತಿದ್ದ ಹುಡುಗಿ. ಬುವೊಲಾಮ್ವಿನಿ ತಮ್ಮ ಹೆಸರನ್ನು ಎರಡನೆಯದಾಗಿ ಇಟ್ಟುಕೊಂಡರು. ಅದೇ 2019ರಲ್ಲಿ ಮಾರ್ಗರೆಟ್ ಮಿಚೆಲ್ ಮುಂದಾಳತ್ವದ ‘ಮಾಡೆಲ್ ಕಾರ್ಡ್ಸ್’ ಪ್ರಬಂಧ ಬಂತು. ಒಂದು ಮಾದರಿಯನ್ನು ಯಾವುದಕ್ಕೆ ಬಳಸಬಹುದು, ಯಾರ ವಿಷಯದಲ್ಲಿ ಅದು ಎಡವುತ್ತದೆ ಎಂಬುದನ್ನು ಮಾದರಿಯ ಜೊತೆಗೇ ಬರೆದು ಕೊಡಬೇಕು ಎಂಬ ಪದ್ಧತಿ ಅಲ್ಲಿಂದ ಹರಡಿತು. ಅದರ ಲೇಖಕರ ಪಟ್ಟಿಯಲ್ಲೂ ರಾಜಿ ಇದ್ದಾರೆ. 2020ರಲ್ಲಿ, ಕಂಪನಿಯೊಳಗೇ ಮಾದರಿಗಳ ಲೆಕ್ಕಪರಿಶೋಧನೆ ಹೇಗೆ ನಡೆಯಬೇಕೆಂಬ ಪ್ರಬಂಧದಲ್ಲಿ ಮತ್ತೆ ರಾಜಿಯವರದೇ ಮೊದಲ ಹೆಸರು. ಮಿಚೆಲ್ ಮತ್ತು ಗೆಬ್ರು ಅವರ ಜೊತೆಗಾರರು. ಆ ವರ್ಷದ ಜೂನ್‌ನಲ್ಲಿ ಅಮೆಜಾನ್ ತನ್ನ ಮುಖ ಗುರುತಿಸುವ ತಂತ್ರಾಂಶವನ್ನು ಪೊಲೀಸರಿಗೆ ಕೊಡುವುದನ್ನು ಒಂದು ವರ್ಷ ನಿಲ್ಲಿಸಿತು.

ಎಐ ಸುರಕ್ಷತೆಯ ಸಂಶೋಧನೆಗೆ ಹೆಣ್ಣುಮಕ್ಕಳನ್ನು ಕರೆತಂದು ಬೆಳೆಸುವ ಕೆಲಸವನ್ನು ಅಳೆಯಲು ನನಗೆ ಪ್ರಬಂಧದ ಮೇಲಿನ ಈ ಹೆಸರುಗಳ ಸಾಲಿಗಿಂತ ಒಳ್ಳೆಯ ಅಳತೆಗೋಲು ಕಂಡಿಲ್ಲ. ಇನ್ನೂ ಪದವಿ ಓದುತ್ತಿದ್ದಾಗಲೇ ಒಬ್ಬ ವಿದ್ಯಾರ್ಥಿನಿ ಮೊದಲ ಲೇಖಕಿಯ ಜಾಗಕ್ಕೆ ಬಂದಳು. ಆಕೆಯ ಪ್ರತಿಭೆ ಆಕೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರತಿಭೆಯಿದ್ದೂ ಪಟ್ಟಿಯ ಕೊನೆಯಲ್ಲಿ, ಇಲ್ಲವೇ ಕೃತಜ್ಞತೆಯ ಸಾಲಿನಲ್ಲಿ ಉಳಿದುಹೋದವರು ಎಲ್ಲ ವಿಜ್ಞಾನಗಳಲ್ಲೂ ಇದ್ದಾರೆ. ಇಲ್ಲಿ ಹಿರಿಯರು ಕೊಟ್ಟದ್ದು ಬರೀ ಧೈರ್ಯದ ಮಾತಲ್ಲ. ಪ್ರಶ್ನೆಯನ್ನೇ ಕೊಟ್ಟರು, ಅದರ ಒಡೆತನವನ್ನೂ ಕೊಟ್ಟರು.

ಈ ಅಳತೆಯಲ್ಲಿ ಇಂದಿನ ಬಹುತೇಕ ಕಾರ್ಯಕ್ರಮಗಳು ಅರ್ಧಕ್ಕೇ ನಿಲ್ಲುತ್ತವೆ. ಹ್ಯಾನಾ ವಾಲಕ್, ಜೆನಿಫರ್ ವರ್ಟ್‌ಮನ್ ವಾನ್, ಲೀಸಾ ವೈನರ್ 2006ರಲ್ಲಿ ಶುರುಮಾಡಿದ ‘ವಿಮೆನ್ ಇನ್ ಮಷೀನ್ ಲರ್ನಿಂಗ್’ ಸಮಾವೇಶವನ್ನು ನಾನು ಗೌರವದಿಂದ ನೋಡುತ್ತೇನೆ. ಸಾವಿರಾರು ಗಂಡಸರ ಸಮ್ಮೇಳನದಲ್ಲಿ ಒಂಟಿಯಾಗಿ ಓಡಾಡುತ್ತಿದ್ದ ಹುಡುಗಿಗೆ ಹಿರಿಯಳೊಬ್ಬಳ ಎದುರು ಕೂತು ಕೇಳಬೇಕಾದ್ದನ್ನು ಕೇಳುವ ಅವಕಾಶ ಅಲ್ಲಿ ಸಿಕ್ಕಿತು. ಅದು ದೊಡ್ಡ ಕೆಲಸವೇ. ಆದರೆ ಅವಳು ಹಿಂತಿರುಗಿ ಹೋಗುವುದು ಅದೇ ಪ್ರಯೋಗಾಲಯಕ್ಕೆ, ಅದೇ ಮೇಲಧಿಕಾರಿಯ ಕೈಕೆಳಗೆ. ಹರ್ಮೀನಿಯಾ ಇಬಾರ್ರಾ ಮತ್ತು ಜೊತೆಗಾರ್ತಿಯರು 2010ರಲ್ಲಿ ದೊಡ್ಡ ಕಂಪನಿಗಳ ಬಗ್ಗೆ ಬರೆದದ್ದು ಇಲ್ಲಿಗೂ ಸಲ್ಲುತ್ತದೆ. ಹೆಂಗಸರಿಗೆ ಸಲಹೆ ಧಾರಾಳವಾಗಿ ಸಿಗುತ್ತದೆ, ಬಡ್ತಿಯ ಮಾತು ಬಂದಾಗ ತನ್ನ ಅಧಿಕಾರ ಪಣಕ್ಕಿಟ್ಟು ಅವರ ಪರ ವಾದಿಸುವವರು ಸಿಗುವುದಿಲ್ಲ ಎಂದು ಅವರು ತೋರಿಸಿದ್ದರು.

ಬರ್ಕ್ಲಿಯ ಮ್ಯಾಟ್ಸ್‌ನಂಥ ಕಾರ್ಯಕ್ರಮಗಳು ಒಂದು ಹೆಜ್ಜೆ ಮುಂದಿವೆ. ಅಲ್ಲಿ ಅನುಭವಿ ಸಂಶೋಧಕರ ಜೊತೆ ಕೆಲವು ವಾರ ಕೂತು, ಭತ್ಯೆ ಪಡೆದು, ನಿಜವಾದ ಸಮಸ್ಯೆಯೊಂದರ ಮೇಲೆ ಕೆಲಸ ಮಾಡಬಹುದು. ಕೆಲಸ ಮಾಡುತ್ತಲೇ ಕಲಿಯುವ ಈ ದಾರಿ ಸರಿಯಾದದ್ದು. ಆದರೆ ಮನೆ ಬಿಟ್ಟು, ವೀಸಾ ಹೊಂದಿಸಿಕೊಂಡು ದೂರದ ಊರಿನಲ್ಲಿ ವಾರಗಟ್ಟಲೆ ಇರಬಲ್ಲವರು ಯಾರು? ಎರಡು ವರ್ಷದ ಮಗುವಿನ ತಾಯಿಗೆ ಆ ಬಾಗಿಲು ತೆರೆದಿದ್ದರೂ ಮುಚ್ಚಿದ ಹಾಗೆಯೇ. ಶಿಶುಪಾಲನೆಯ ಖರ್ಚು, ಮನೆಯಿಂದಲೇ ಪಾಲ್ಗೊಳ್ಳುವ ದಾರಿ, ಬಿಡುವು ತೆಗೆದುಕೊಂಡವರಿಗೆ ಮರುಪ್ರವೇಶ, ಇವೆಲ್ಲ ದಯೆಯ ವಿಷಯಗಳಾಗಿ ಉಳಿಯದೆ ಆಯವ್ಯಯದಲ್ಲಿ ಬರೆದಿಟ್ಟ ಬಾಬತ್ತುಗಳಾಗಬೇಕು.

ಇನ್ನೊಂದು ತೊಡಕು ಆಳದ್ದು. ಈ ಕ್ಷೇತ್ರದ ಗಡಿ ಗುರುತಿಸಿದ ಬರಹಗಳಲ್ಲಿ ಒಂದಾದ 2016ರ ‘ಕಾಂಕ್ರೀಟ್ ಪ್ರಾಬ್ಲಮ್ಸ್ ಇನ್ ಎಐ ಸೇಫ್ಟಿ’ಯನ್ನು ಬರೆದ ಆರೂ ಮಂದಿ ಗಂಡಸರು. ಕೊಟ್ಟ ಗುರಿಯನ್ನು ಯಂತ್ರ ಅಡ್ಡದಾರಿಯಲ್ಲಿ ಮುಟ್ಟುವುದನ್ನು ತಡೆಯುವುದು ಹೇಗೆ ಎಂಬಂಥ ಅವರ ಪ್ರಶ್ನೆಗಳು ಗಟ್ಟಿಯಾದವು. ಡೀಪ್‌ಮೈಂಡ್‌ನ ವಿಕ್ಟೋರಿಯಾ ಕ್ರಾಕೊವ್ನಾ ಅಂಥ ಅಡ್ಡದಾರಿಗಳ ಉದಾಹರಣೆಗಳನ್ನು ಕಲೆಹಾಕಿ ಮಾಡಿದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಆದರೆ ಗೆಬ್ರು, ಮಿಚೆಲ್, ರಾಜಿ ಮಾಡಿದ್ದನ್ನು ‘ನೈತಿಕತೆ’ಯ ಖಾನೆಗೆ ಹಾಕಿ, ‘ಸುರಕ್ಷತೆ’ಯನ್ನು ಬೇರೆಯಾಗಿಟ್ಟ ರೂಢಿ ಬಂದುಬಿಟ್ಟಿದೆ. ತಪ್ಪು ಗುರುತಿನಿಂದ ಒಬ್ಬ ಅಮಾಯಕ ಪೊಲೀಸ್ ಠಾಣೆ ಸೇರುವುದು ಸುರಕ್ಷತೆಯ ಪ್ರಶ್ನೆಯಲ್ಲದೆ ಮತ್ತೇನು? ಹೆಣ್ಣುಮಕ್ಕಳನ್ನು ಕ್ಷೇತ್ರದೊಳಕ್ಕೆ ಕರೆಯುವವರು, ಅವರು ಈಗಾಗಲೇ ಮಾಡುತ್ತಿರುವ ಕೆಲಸವನ್ನು ಕ್ಷೇತ್ರದ ಹೊರಗಿಟ್ಟು ಕರೆದರೆ ಆ ಕರೆಗೆ ಅರ್ಥವಿಲ್ಲ.

2020ರ ಡಿಸೆಂಬರ್‌ನಲ್ಲಿ ಗೆಬ್ರು ಗೂಗಲ್‌ನಿಂದ ಹೊರಬಿದ್ದರು. ಭಾಷಾ ಮಾದರಿಗಳ ಅಪಾಯಗಳ ಬಗೆಗಿನ ಪ್ರಬಂಧವೊಂದು ಜಗಳಕ್ಕೆ ಕಾರಣವಾಗಿತ್ತು. ತನ್ನನ್ನು ತೆಗೆದುಹಾಕಿದರು ಎಂದು ಆಕೆ, ರಾಜೀನಾಮೆ ಒಪ್ಪಿಕೊಂಡೆವು ಎಂದು ಕಂಪನಿ. 2021ರ ಫೆಬ್ರವರಿಯಲ್ಲಿ ಮಿಚೆಲ್ ಅವರನ್ನೂ ವಜಾ ಮಾಡಲಾಯಿತು. ಮಾರ್ಗದರ್ಶಕಿಯರಿಗೇ ನೆಲೆಯಿಲ್ಲದಿದ್ದರೆ ಅವರ ನೆರಳಲ್ಲಿ ಬೆಳೆಯುತ್ತಿರುವವರ ಗತಿ ಏನು? ಯಾವ ಮಾರ್ಗದರ್ಶನ ಕಾರ್ಯಕ್ರಮದ ಕೈಪಿಡಿಯೂ ಇದನ್ನು ಕೇಳಿಕೊಳ್ಳುವುದನ್ನು ನಾನು ಕಂಡಿಲ್ಲ. 2021ರ ಡಿಸೆಂಬರ್‌ನಲ್ಲಿ ಗೆಬ್ರು ‘ಡೇರ್’ ಎಂಬ ಸ್ವತಂತ್ರ ಸಂಸ್ಥೆ ಕಟ್ಟಿದರು. ಕಂಪನಿಯ ಹಂಗಿಲ್ಲದ ಹಣ ಮತ್ತು ಜಾಗ ಬೇಕೆನ್ನುವುದಕ್ಕೆ ಅದೇ ಸಾಕ್ಷಿ.

ಬೆಂಗಳೂರಿಗೆ ಇಂಥ ಪರಂಪರೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜೇಶ್ವರಿ ಚಟರ್ಜಿಯವರು ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸುತ್ತಾ ಸುಮಾರು 20 ಮಂದಿಯನ್ನು ಪಿಎಚ್.ಡಿ. ದಡ ಮುಟ್ಟಿಸಿದರು. ಇಂದು ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಕಾಲಿಕಾ ಬಾಲಿಯವರು ಭಾರತೀಯ ಭಾಷೆಗಳ ತಂತ್ರಜ್ಞಾನವನ್ನು ಮುನ್ನಡೆಸುತ್ತಿದ್ದಾರೆ. ಈ ಊರಿಗೆ ಇಂಥ ಪರಂಪರೆಯ ಜರೂರು ಈಗ ಹೆಚ್ಚಿದೆ. 2023ರಲ್ಲಿ ಬ್ರೌನ್ ವಿಶ್ವವಿದ್ಯಾಲಯದವರು ಅಪಾಯಕಾರಿ ಪ್ರಶ್ನೆಗಳನ್ನು ಜುಲು, ಸ್ಕಾಟಿಷ್ ಗೇಲಿಕ್‌ನಂಥ ಭಾಷೆಗಳಿಗೆ ತಿರುಗಿಸಿ ಕೇಳಿದಾಗ, ಜಿಪಿಟಿ-4ರ ಕಾವಲು ಶೇ 79ರಷ್ಟು ಪ್ರಶ್ನೆಗಳಲ್ಲಿ ಯಾವುದಾದರೂ ಒಂದು ಭಾಷೆಯಲ್ಲಿ ಮುರಿದುಬಿದ್ದಿತ್ತು. ಕನ್ನಡದಲ್ಲಿ ಈ ಪರೀಕ್ಷೆಯನ್ನು ಕನ್ನಡ ಬಲ್ಲವರೇ ಮಾಡಬೇಕು. ಬಸುರಿ ಹೆಣ್ಣುಮಗಳೊಬ್ಬಳು ಔಷಧದ ಬಗ್ಗೆ ಕಲಬುರಗಿಯ ಮಾತಿನಲ್ಲಿ ಕೇಳಿದರೆ ಯಂತ್ರ ಏನು ಹೇಳುತ್ತದೆ, ಆ ಉತ್ತರ ಎಲ್ಲಿ ಕೈಕೊಡುತ್ತದೆ ಎಂಬುದು ಅಲ್ಲಿಯ ಹೆಣ್ಣುಮಕ್ಕಳಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗದು. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2021ರಲ್ಲಿ ಭಾರತ, ಆಫ್ರಿಕಾ ಮತ್ತು ಅಮೆರಿಕದ 53 ಎಐ ಕೆಲಸಗಾರರನ್ನು ಮಾತಾಡಿಸಿ ಬರೆದ ಪ್ರಬಂಧ, ದತ್ತಾಂಶದ ಕೆಲಸಕ್ಕೆ ಮರ್ಯಾದೆ ಇಲ್ಲದಿರುವುದನ್ನು ಬಯಲು ಮಾಡಿತು. ಕನ್ನಡದ ಸುರಕ್ಷತಾ ಪರೀಕ್ಷೆಯೂ ಗಂಟೆ ಲೆಕ್ಕದ ಕೂಲಿಯಾಗಿ ಮುಗಿಯುವ ಅಪಾಯ ಎದುರಿಗೇ ಇದೆ. ನಮ್ಮ ಪ್ರಯೋಗಾಲಯಗಳು ಆ ಹೆಣ್ಣುಮಕ್ಕಳಿಂದ ಉತ್ತರಗಳಿಗೆ ಅಂಕ ಹಾಕಿಸಿದರೆ ಸಾಲದು. ಪ್ರಶ್ನೆ ಹೂಡುವುದರಿಂದ ಹಿಡಿದು ಪ್ರಬಂಧ ಬರೆಯುವವರೆಗೆ ಕೂಡಿಸಿಕೊಂಡು, ಮೊದಲ ಸಾಲಿನಲ್ಲಿ ಅವರ ಹೆಸರು ಅಚ್ಚು ಹಾಕಿಸಬೇಕು.