ಸೀತಾಫಲದ ರುಚಿ ಕೆಟ್ಟದ್ದು ಎಲ್ಲಿ?

ಮಹಾನವಮಿ ಹತ್ತಿರ ಬಂದಂತೆ ಪುರವಣಿಗಳಲ್ಲಿ ಸೀತಾಫಲದ ನೆನಪುಗಳು ಕಾಣಿಸಿಕೊಳ್ಳುತ್ತವೆ. ಊರ ಗುಡ್ಡ, ಬಿದಿರು ಬುಟ್ಟಿ, ಅಮ್ಮನ ಸೆರಗು, ಬಾಯಿತುಂಬ ಬೀಜ. ಕೊನೆಗೊಂದು ತೀರ್ಪು: ಈಗಿನ ಹಣ್ಣಿಗೆ ಆಗಿನ ರುಚಿಯಿಲ್ಲ, ಹೈಬ್ರಿಡ್ ಬಂದು ನಾಟಿ ಹಣ್ಣನ್ನು ಕೆಡಿಸಿತು, ಅಮ್ಮನ ಪ್ರೀತಿ ಬೆರೆತಿದ್ದರಿಂದಲೇ ಅದು ಅಷ್ಟು ಸಿಹಿಯಾಗಿತ್ತು. ಎಲ್ಲರೂ ತಲೆದೂಗುವ ಈ ಮಾತನ್ನು ನಾನು ಒಪ್ಪಲಾರೆ. ಇದು ಹಣ್ಣಿನ ವಿಷಯದಲ್ಲೂ ತಪ್ಪು, ಅಮ್ಮನ ವಿಷಯದಲ್ಲೂ ತಪ್ಪು. ಎರಡನೆಯ ತಪ್ಪು ನನ್ನನ್ನು ಹೆಚ್ಚು ನೋಯಿಸುತ್ತದೆ.

ಮೊದಲು ಹಣ್ಣಿನ ಮಾತು. ನಾವು ನಾಟಿ ಎಂದು ಎದೆಗವಚಿಕೊಳ್ಳುವ ಸೀತಾಫಲದ ಮೂಲ ಅಮೆರಿಕದ ಉಷ್ಣವಲಯ. ಕಲ್ಲುನೆಲವನ್ನೂ ಬರವನ್ನೂ ತಾಳಿಕೊಂಡದ್ದರಿಂದ, ಎಲೆಗೆ ಆಡುಗಳು ಬಾಯಿ ಹಾಕದ್ದರಿಂದ, ಅದು ದಖನ್ನಿನ ಬೋಳುಗುಡ್ಡಗಳಲ್ಲಿ ತಾನೇ ತಾನಾಗಿ ಹಬ್ಬಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಸಹನ್, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಿಂದ ಬಂದ ಗೋಲ್ಡನ್ ತಳಿ, ಇವುಗಳಲ್ಲಿ ತಿರುಳು ಹೆಚ್ಚು, ಬೀಜ ಕಡಿಮೆ, ಬಾಳಿಕೆಯೂ ಕೆಲವು ದಿನ ಹೆಚ್ಚು. ಗುಡ್ಡದ ಹಣ್ಣಿನ ಸಿಪ್ಪೆಯಂಚಿನಲ್ಲಿ ಸಕ್ಕರೆಯಂತೆ ಹರಳುಗಟ್ಟಿದ ತಿರುಳಿರುತ್ತದಲ್ಲ, ಆ ಮರಳುಮರಳು ಸುಖ ನನಗೂ ಬೇಕು. ಆದರೆ ಅದೇ ಗುಡ್ಡದ ಹಣ್ಣು ಪೇಟೆಗೆ ಬಂದಾಗಲೂ ಸಪ್ಪೆಯಾಗಿರುತ್ತದೆ. ಹಾಗಿದ್ದರೆ ತಳಿಯನ್ನೇ ದೂರಿ ಏನು ಪ್ರಯೋಜನ?

ಕಾರಣ ಕೊಯ್ಲಿನಲ್ಲಿದೆ. ಸೀತಾಫಲ ಒಂದೇ ಕಾಯಿಯಂತೆ ಕಂಡರೂ ಹೂವಿನ ಹಲವು ಅಂಡಕೋಶಗಳು ಒಂದಕ್ಕೊಂದು ಬೆಸೆದು ಆದದ್ದು. ಅದಕ್ಕೇ ಮೈತುಂಬ ಆ ಕಣ್ಣುಗಳು. ಬಲಿಯುತ್ತ ಬಂದಂತೆ ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಕೆನೆಬಣ್ಣಕ್ಕೆ ತಿರುಗುತ್ತದೆ. ಇದನ್ನೇ ಕಾಯಿ ಕಣ್ಣುಬಿಟ್ಟಿತು ಎನ್ನುವುದು. ಕಣ್ಣುಬಿಟ್ಟ ಮೇಲೆ ಕಿತ್ತರೆ ಎರಡು ಮೂರು ದಿನದಲ್ಲಿ ಹಣ್ಣು. ಮೊದಲೇ ಕಿತ್ತರೆ ಪಿಷ್ಟ ಪೂರ್ತಿ ಸಕ್ಕರೆಯಾಗುವುದಿಲ್ಲ; ತೀರಾ ಎಳೆಯದಾದರೆ ಹಣ್ಣಾಗದೆ ಕರ್ರಗೆ ಸೆಟೆದು ಕಲ್ಲಾಗುತ್ತದೆ. ಆದರೆ ಕಣ್ಣುಬಿಟ್ಟ ಕಾಯಿ ಲಾರಿಯ ಕುಲುಕಾಟ ತಾಳದು. ಅದಕ್ಕಾಗಿ ವ್ಯಾಪಾರಿಗಳು ಮೊದಲೇ ಕೀಳಿಸುತ್ತಾರೆ. ಹಾಗೆ ಬಂದದ್ದನ್ನು ನಾವು ಮನೆಗೆ ತಂದು ನೇರ ಫ್ರಿಜ್ಜಿಗೆ ತಳ್ಳುತ್ತೇವೆ. ಚಳಿಗೆ ಸಿಪ್ಪೆ ಕಪ್ಪಿಡುತ್ತದೆ, ಮಾಗುವ ಕ್ರಿಯೆ ಅರ್ಧಕ್ಕೇ ಮುರಿದುಬೀಳುತ್ತದೆ. ತಿಂದು, ಹಿಂದಿನ ರುಚಿ ಇಲ್ಲ ಎನ್ನುತ್ತೇವೆ.

ಈಗ ಅಮ್ಮನ ಮಾತು. ನನ್ನ ಅವ್ವ ಸೀಗಿ ಹುಣ್ಣಿಮೆಯ ಸುಮಾರಿಗೆ ತಂದ ಕಾಯಿಗಳನ್ನೆಲ್ಲ ಒಮ್ಮೆಗೇ ಹಣ್ಣಿಗೆ ಹಾಕುತ್ತಿರಲಿಲ್ಲ. ಗೆರೆ ಪೂರ್ತಿ ಬಿಳಿದಾದವು ಒಂದು ಕಡೆ, ಆಗತಾನೇ ಬಿಡುತ್ತಿರುವವು ಇನ್ನೊಂದು ಕಡೆ. ಮೊದಲನೆಯವು ರವದಿಯ ಮೇಲೆ ಬಿಡಿಬಿಡಿಯಾಗಿ. ಎರಡನೆಯವು ಜೋಳದ ರಾಶಿಯೊಳಗೆ, ತೊಟ್ಟು ಮೇಲಾಗಿ. ಹಣ್ಣಾಗುವಾಗ ಹೊಮ್ಮುವ ಎಥಿಲಿನ್ ಅನಿಲ ರಾಶಿಯೊಳಗೆ ಕಾವಿನ ಜೊತೆ ಉಳಿದು ಮಾಗುವುದನ್ನು ಚುರುಕುಗೊಳಿಸುತ್ತದೆ ಎಂದು ಪುಸ್ತಕ ಹೇಳುತ್ತದೆ. ಅವಳು ಆ ಹೆಸರು ಕೇಳಿದವಳಲ್ಲ, ಆದರೆ ಕೆಲಸವನ್ನು ಬಲ್ಲವಳು. ಬೆಳಗು ಸಂಜೆ ಕೈಹಾಕಿ ನೋಡುತ್ತಿದ್ದಳು. ಒತ್ತಿ ನೋಡಿದರೆ ಒತ್ತಿದ ಜಾಗ ಕೊಳೆಯುತ್ತದೆ, ಅದಕ್ಕೆ ಒತ್ತುತ್ತಿರಲಿಲ್ಲ. ತೊಟ್ಟಿನ ಸುತ್ತ ಬೆರಳಾಡಿಸಿದರೆ ಸಾಕು. ಹೀಗೆ ಒಂದು ಬುಟ್ಟಿ ಕಾಯಿ ದಿನಕ್ಕಿಷ್ಟರಂತೆ ವಾರವಿಡೀ ಹಣ್ಣಾಗಿ ಬರುತ್ತಿತ್ತು. ಬೀಜವನ್ನೂ ಬಿಸಾಡುತ್ತಿರಲಿಲ್ಲ. ಒಣಗಿಸಿ ಕುಟ್ಟಿ ಹೇನಿಗೆ ಹಚ್ಚುವಾಗ ನಮ್ಮ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟುತ್ತಿದ್ದಳು. ಆ ಪುಡಿ ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೇ ಗಾಯವಾಗುತ್ತದೆಂದು ಕಣ್ಣಿನ ವೈದ್ಯರು ದಾಖಲಿಸಿದ್ದಾರೆ, ಹಾಗಾಗಿ ಈಗ ಯಾರೂ ಅದನ್ನು ಹಚ್ಚಬಾರದು. ಅಪಾಯ ಎಲ್ಲಿದೆ ಎಂಬುದು ಮಾತ್ರ ಅವಳಿಗೆ ಸರಿಯಾಗಿಯೇ ಗೊತ್ತಿತ್ತು.

ಇಷ್ಟನ್ನೆಲ್ಲ ನಾವು ‘ಪ್ರೀತಿ’ ಎಂದು ಬರೆದು ಮುಗಿಸಿಬಿಡುತ್ತೇವೆ. ಪ್ರೀತಿ ಇತ್ತು, ಇಲ್ಲವೆಂದವರು ಯಾರು? ಆದರೆ ಪ್ರೀತಿ ಎಷ್ಟಿದ್ದರೂ ಎಳೆಗಾಯಿ ಹಣ್ಣಾಗದು. ಹಣ್ಣಾಗಿಸಿದ್ದು ಕಣ್ಣಳತೆ, ಕೈಹದ, ದಿನಗಳ ಲೆಕ್ಕ. ಕುಂಬಾರನ, ಕಮ್ಮಾರನ ಇಂಥದ್ದೇ ತಿಳಿವಳಿಕೆಯನ್ನು ಕಸುಬು ಎನ್ನುತ್ತೇವೆ, ಗುರುವಿನಿಂದ ಕಲಿತದ್ದೆಂದು ಗೌರವಿಸುತ್ತೇವೆ. ಅವ್ವನದಾದರೆ ಅದು ಅವಳ ಎದೆಯಿಂದ ತಾನಾಗಿ ಉಕ್ಕಿತು ಎಂಬಂತೆ ಬರೆಯುತ್ತೇವೆ. ನಮ್ಮ ನೆನಪಿನ ಬರಹಗಳೆಲ್ಲ ತಿಂದ ಮಗುವಿನವು. ಹಣ್ಣಿಗೆ ಹಾಕಿದವಳ ಕೈ ಅವುಗಳಲ್ಲಿ ಒಂದು ಸಾಲಿಗೂ ಬರುವುದಿಲ್ಲ. ಇದು ನಮಗೆ ಅನುಕೂಲವೂ ಹೌದು. ಕಸುಬಾದರೆ ನಾವೂ ಕಲಿಯಬೇಕಾಗುತ್ತಿತ್ತು, ಗಂಡುಮಕ್ಕಳೂ ಕಲಿಯಬೇಕಾಗುತ್ತಿತ್ತು. ಪ್ರೀತಿಯಾದ್ದರಿಂದ ಅವಳ ಜೊತೆಗೇ ಅದು ಹೋಯಿತೆಂದು ಕಣ್ಣೊರೆಸಿಕೊಂಡರೆ ಸಾಕಾಗಿದೆ.

ಅದು ಹೋಗಿಯೂ ಇಲ್ಲ. ಅಕ್ಟೋಬರಿನಲ್ಲಿ ಬಸ್‌ನಿಲ್ದಾಣದ ಹೊರಗೆ, ಹೆದ್ದಾರಿಯ ಅಂಚಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರನ್ನು ನೋಡಿ. ಬೆಳಕು ಹರಿಯುವ ಮುಂಚೆ ಗುಡ್ಡ ಹತ್ತಿ ಆರಿಸಿ ತಂದವರು ಅವರು. ‘ಇವತ್ತು ತಿಂತೀರೋ, ಊರಿಗೆ ಒಯ್ತೀರೋ?’ ಎಂದು ಮೊದಲು ಕೇಳಿ, ನಿಮ್ಮ ಉತ್ತರದ ಪ್ರಕಾರ ಇಂದಿನದು, ನಾಳೆಯದು, ನಾಡಿದ್ದಿನದು ಎಂದು ಬೇರೆಬೇರೆ ಎತ್ತಿಕೊಡುತ್ತಾರೆ. ಅವ್ವನ ಆ ವಿದ್ಯೆ ಇವರ ಕೈಯಲ್ಲಿ ಇಂದಿಗೂ ಇದೆ. ಅವರ ಹಣ್ಣಿಗೆ ಮಾಲ್‌ನ ಹಣ್ಣಿನಷ್ಟು ಬೆಲೆ ಕೊಡಲು ನಮಗೆ ಮನಸ್ಸು ಬರುವುದಿಲ್ಲ. ಗುಡ್ಡದಲ್ಲಿ ಪುಕ್ಕಟೆ ಸಿಕ್ಕದ್ದು ತಾನೇ ಎಂದು ಚೌಕಾಸಿಗೆ ಇಳಿಯುತ್ತೇವೆ. ಆ ಗೋಮಾಳಗಳಿಗೆ ಬೇಲಿ ಬಿದ್ದರೆ, ಗುಡ್ಡಗಳು ಕಲ್ಲುಗಣಿಗಳಾದರೆ ಇವರು ಎಲ್ಲಿಂದ ತರಬೇಕು ಎಂದು ಕೇಳುವ ಬರಹ ಯಾವ ಪುರವಣಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.