ಸೊಟ್ಟ ಕಂಬಗಳ ಮನೆ ನೋಡುವವರಿಗೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಓಕ್ ಮರದ ಚೌಕಟ್ಟಿನ ಹಳೇ ಮನೆ ಎದುರಾದರೆ ಮೊದಲು ಕಣ್ಣಿಗೆ ಬೀಳುವುದು ಬಿಳಿ ಗೋಡೆ, ಕಪ್ಪು ಪಟ್ಟಿ. ಅದಕ್ಕೆ ಮರುಳಾಗಬೇಡಿ. ಮರಕ್ಕೆ ಕಡುಗಪ್ಪು ಬಳಿಯುವ ಷೋಕಿ ಬಹುಮಟ್ಟಿಗೆ ವಿಕ್ಟೋರಿಯಾ ರಾಣಿಯ ಕಾಲದ್ದು. ಅದಕ್ಕೂ ಮುಂಚೆ ಎಷ್ಟೋ ಕಡೆ ಓಕ್ ತನ್ನಷ್ಟಕ್ಕೆ ಬೂದುಬಣ್ಣಕ್ಕೆ ತಿರುಗಿರುತ್ತಿತ್ತು, ಇಲ್ಲವೇ ಮರಕ್ಕೂ ಗೋಡೆಗೂ ಒಂದೇ ಸುಣ್ಣ.

ಬಣ್ಣ ಬಿಟ್ಟು, ಮಾಡಿನ ಭಾರ ಯಾವ ದಾರಿಯಲ್ಲಿ ನೆಲಕ್ಕಿಳಿಯುತ್ತದೆಂದು ನೋಡಿ. ಪಕ್ಕದ ಗೋಡೆಯಲ್ಲಿ ಬುಡದಿಂದ ನೆತ್ತಿಯವರೆಗೆ ಬಾಗಿ ಹೋಗಿ ಕೂಡುವ ಎರಡು ದಪ್ಪ ಮರಗಳಿದ್ದರೆ ಅದು ‘ಕ್ರಕ್’. ಬಾಗಿ ಬೆಳೆದ ಮರವನ್ನೇ ಹುಡುಕಿ, ಉದ್ದಕ್ಕೆ ಸೀಳಿ, ಹೋಳುಗಳನ್ನು ಎದುರುಬದುರು ನಿಲ್ಲಿಸುವುದಿತ್ತು. ಭಾರವೆಲ್ಲ ಅವುಗಳ ಮೇಲೆ. ಗೋಡೆ ಬರೀ ಮರೆ. ಶಾಟರಿಯಲ್ಲಿ, ಶೇಕ್ಸ್‌ಪಿಯರನ ಹೆಂಡತಿ ಆ್ಯನ್ ಹ್ಯಾಥವೇಯ ತವರುಮನೆಯ ಹಳೇ ಭಾಗ, 15ನೇ ಶತಮಾನದ್ದು, ಈ ಬಗೆಯದು. ನೆಟ್ಟನೆಯ ಕಂಬ, ಅಡ್ಡತೊಲೆಗಳನ್ನು ಪೆಟ್ಟಿಗೆಯಂತೆ ಹೆಣೆದದ್ದು ಇನ್ನೊಂದು ಬಗೆ. ನಡುವಿನ ಖಾಲಿ ಜಾಗಕ್ಕೆ ತಡಿಕೆ ಹೆಣೆದು ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತುತ್ತಿದ್ದರು. ಇದು ನಮ್ಮವರಿಗೆ ಹೇಳಿಕೊಡಬೇಕಾದ್ದಲ್ಲ. ಅದರ ಮೇಲೆ ಈಚೆಗೆ ಸಿಮೆಂಟು ಬಳಿದಿದ್ದರೆ ಮಾತ್ರ ಮರುಗಿ: ಒಳಗೆ ಸಿಕ್ಕಿಬಿದ್ದ ತೇವ ಮರವನ್ನು ಕೊಳೆಸುತ್ತದೆ.

ನನಗೆ ಎಲ್ಲಕ್ಕಿಂತ ರುಚಿಸುವುದು ಕೂಡುಗಳು. ಬಡಗಿ ಮರ ಒಣಗಲೆಂದು ಕಾಯುತ್ತಿರಲಿಲ್ಲ. ಒಣಗಿದ ಓಕ್ ಉಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಒಂದು ಹಸಿಮರದ ತುದಿಯಲ್ಲಿ ನಾಲಿಗೆ, ಇನ್ನೊಂದರಲ್ಲಿ ಅದು ಕೂರುವ ಗುಳಿ. ಎರಡರ ಗೂಟದ ತೂತುಗಳನ್ನು ಬೇಕೆಂದೇ ತುಸು ತಪ್ಪಿಸಿ ಬೈರಿಗೆ ಹಾಕುತ್ತಿದ್ದ. ಮರದ ಗೂಟ ಬಡಿದಂತೆಲ್ಲ ನಾಲಿಗೆ ಒಳಕ್ಕೆಳೆದುಕೊಂಡು ಬಿಗಿಯುತ್ತಿತ್ತು. ಮನೆ ನಿಂತ ಮೇಲೆ ಮರ ಒಣಗುತ್ತ, ತಿರುಚುತ್ತ ಹೋಗುತ್ತಿತ್ತು. ಹಾಗಾಗಿ ನೀವು ನೋಡುವ ಸೊಟ್ಟಗಳಲ್ಲಿ ಎಷ್ಟೋ ಮುಪ್ಪಿನವಲ್ಲ, ಮನೆಯ ಎಳೆವಯಸ್ಸಿನವು.

ಕೂಡುಗಳ ಪಕ್ಕದಲ್ಲಿ ರೋಮನ್ ಅಂಕಿಗಳನ್ನು ಕೆತ್ತಿರುವುದುಂಟು. ಚೌಕಟ್ಟನ್ನು ಬಡಗಿಯ ಅಂಗಳದಲ್ಲೇ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ ಸಾಗಿಸುತ್ತಿದ್ದರು. ಬಿಚ್ಚಬಹುದಾದ್ದರಿಂದಲೇ, ಜಲಾಶಯಕ್ಕಾಗಿ ತೆರವಾಗಬೇಕಿದ್ದ ಕೆಂಟ್ ಸೀಮೆಯ ಬೇಲೀಫ್ ಮನೆ ಇಂದು ಸಸೆಕ್ಸ್‌ನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿದೆ. ಒಂದೇ ಮನೆ ನೋಡಲು ಬಿಡುವಿದ್ದರೆ ಅಲ್ಲಿಗೆ ಹೋಗಿ.

ಎಲ್ಲಾದರೂ ತೊಲೆಯಲ್ಲಿ ಖಾಲಿ ಗುಳಿಗಳು ಕಂಡು, ಜತೆಗಿದ್ದವರು ಹಡಗಿನ ಮರವೆಂದರೆ ಪೂರ್ತಿ ನಂಬಬೇಡಿ. ಸಾಮಾನ್ಯವಾಗಿ ಅದು ಇನ್ನೊಂದು ಹಳೇ ಮನೆಯ ತೊಲೆ, ಇಲ್ಲವೇ ಅದೇ ಕೋಣೆಯಲ್ಲಿದ್ದ ಅಡ್ಡಗೋಡೆಯನ್ನು ಯಾರೋ ಕಿತ್ತಿದ್ದಾರೆ.