ಜಾಲದ ಧಾರಾವಾಹಿಗಳೂ ಭೌತಶಾಸ್ತ್ರದ ವಿದ್ಯಾರ್ಥಿಯೂ

ಕಂತು ಕಂತಾಗಿ ಬರುವ ಕಾದಂಬರಿ ನಮ್ಮವರಿಗೆ ಹೊಸದಲ್ಲ. ಊರಿನ ವಾರಪತ್ರಿಕೆ ಅಂಚೆಯಲ್ಲಿ ತಡವಾಗಿ ಬಂದರೂ ಮುಂದಿನ ಕಂತಿಗಾಗಿ ಮಾಟುಂಗ, ಡೊಂಬಿವಲಿಗಳಲ್ಲಿ ಕಾದು ಕುಳಿತು, ಒಂದೇ ಪ್ರತಿಯನ್ನು ನಾಲ್ಕು ಮನೆಗಳಲ್ಲಿ ಓದಿದ ತಲೆಮಾರು ನಮ್ಮದು. ಇಂದು ಅವೇ ಮನೆಗಳ ಮಕ್ಕಳು ಅಂತರ್ಜಾಲದಲ್ಲಿ ಇಂಗ್ಲಿಷಿನ ಧಾರಾವಾಹಿಗಳನ್ನು ಓದುತ್ತಿದ್ದಾರೆ. ‘ಆ ಹೊತ್ತಿನಲ್ಲಿ ನಾಲ್ಕು ಲೆಕ್ಕ ಮಾಡಬಾರದೇ?’ ಎಂದು ಹಿರಿಯರು ಗೊಣಗುವುದೂ ಉಂಟು. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ನಮಗೆ ತೋರುತ್ತದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದುತ್ತ, ಮುಂದೆ ಸಂಶೋಧನೆಯೋ ನೌಕರಿಯೋ ಎಂದು ತೂಗುತ್ತಿರುವ ಹುಡುಗ ಹುಡುಗಿಯರಿಗೆ ಈ ಕಥೆಗಳು ವಿಜ್ಞಾನದ ಬಾಳಿನ ಯಾವ ಚಿತ್ರವನ್ನು ಕೊಡುತ್ತವೆ? ಈ ದೃಷ್ಟಿಯಿಂದ ಮೂರು ಕೃತಿಗಳನ್ನು ಪರಿಶೀಲಿಸಬಯಸುತ್ತೇವೆ.

ಮೊದಲನೆಯದು ಎಲಿಯೆಜರ್ ಯುಡ್ಕೋವ್‌ಸ್ಕಿ ಅವರ ‘ಹ್ಯಾರಿ ಪಾಟರ್ ಅಂಡ್ ದಿ ಮೆಥಡ್ಸ್ ಆಫ್ ರಾಷನಾಲಿಟಿ’. 2010ರಿಂದ 2015ರ ವರೆಗೆ 122 ಅಧ್ಯಾಯಗಳಲ್ಲಿ ಬಂದ ಈ ಕೃತಿ, ರೌಲಿಂಗ್ ಅವರ ಬಾಲಕ ಆಕ್ಸ್‌ಫರ್ಡಿನ ಪ್ರಾಧ್ಯಾಪಕರೊಬ್ಬರ ಮಗನಾಗಿ ಬೆಳೆದಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸುತ್ತದೆ. ಅಧ್ಯಾಪಿಕೆಯೊಬ್ಬಳು ಬೆಕ್ಕಾಗಿ ಮಾರ್ಪಟ್ಟರೆ ಉಳಿದ ಮಕ್ಕಳು ಬೆರಗಾಗುತ್ತಾರೆ. ಈ ಹುಡುಗ ಮಾತ್ರ ಶಕ್ತಿಯ ಸಂರಕ್ಷಣೆಯ ನಿಯಮ ಏನಾಯಿತು, ಅಷ್ಟು ಪುಟ್ಟ ಮಿದುಳಿನಿಂದ ಮನುಷ್ಯನಂತೆ ಯೋಚಿಸುವುದು ಹೇಗೆ ಎಂದು ಕೇಳುತ್ತಾನೆ. ಪಠ್ಯಪುಸ್ತಕದ ನಿಯಮವೊಂದು ಉರು ಹೊಡೆಯುವ ಸಾಲಲ್ಲ, ಲೋಕವನ್ನು ಪ್ರಶ್ನಿಸುವ ಆಯುಧ ಎಂಬ ಅರಿವನ್ನು ಇಷ್ಟು ಲವಲವಿಕೆಯಿಂದ ಕೊಡುವ ಕಥೆಗಳು ವಿರಳ. ಕೊನೆಯ ಘಟ್ಟದಲ್ಲಿ ಲೇಖಕರು ನಾಯಕನನ್ನು ಇಕ್ಕಟ್ಟಿಗೆ ಸಿಲುಕಿಸಿ, 60 ಗಂಟೆಗಳೊಳಗೆ ಪಾರಾಗುವ ದಾರಿಯನ್ನು ಸೂಚಿಸಿರೆಂದು ವಾಚಕರನ್ನೇ ಕೇಳಿದರು. ನಮ್ಮ ವಾರಪತ್ರಿಕೆಗಳು ಕನಸಿನಲ್ಲಿಯೂ ಎಣಿಸದ ಸಾಹಸವಿದು.

ಆದರೆ ಈ ಕೃತಿಯಲ್ಲಿ ವಿಜ್ಞಾನವೆಂದರೆ ಬುದ್ಧಿಯ ಚುರುಕು. ಹುಡುಗನಿಗೆ ಪ್ರಶ್ನೆ ಹೊಳೆಯುತ್ತದೆ, ಪ್ರಯೋಗ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ, ಹಿರಿಯರು ಬೆಪ್ಪಾಗುತ್ತಾರೆ. ನಿಜವಾದ ಪ್ರಯೋಗಶಾಲೆಯಲ್ಲಿ ನಿರ್ವಾತದ ಪಂಪಿನ ಸೋರಿಕೆಯನ್ನು ಹುಡುಕುವುದರಲ್ಲಿಯೇ ವಾರಗಳು ಕಳೆಯುತ್ತವೆ. ಕೃತಿಯ ಉತ್ತಮ ಪ್ರಸಂಗಗಳಲ್ಲೊಂದು ನಾಯಕ ಸೋಲುವ ಪ್ರಸಂಗವೆಂಬುದು ಗಮನಾರ್ಹ: ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರದಿಂದ 181,429 ಎಂಬ ಸಂಖ್ಯೆಯ ಅಪವರ್ತನಗಳನ್ನು ಪುಕ್ಕಟೆಯಾಗಿ ಪಡೆಯಲು ಹೊರಟವನಿಗೆ ಉತ್ತರದ ಬದಲು ಎಚ್ಚರಿಕೆಯ ಚೀಟಿ ಸಿಗುತ್ತದೆ. ಪ್ರಕೃತಿ ‘ಇಲ್ಲ’ ಎನ್ನಬಲ್ಲುದು ಎಂಬ ಈ ಪಾಠವನ್ನು ಲೇಖಕರು ಇನ್ನಷ್ಟು ಬೆಳೆಸಬೇಕಾಗಿತ್ತು.

ಎರಡನೆಯದು ಸ್ಯಾಮ್ ಹ್ಯೂಸ್ ಅವರು ‘ಕ್ಯೂಎನ್‌ಟಿಎಂ’ ಎಂಬ ಅಂಕಿತದಿಂದ ಬರೆದ ‘ರಾ’. ಇಲ್ಲಿ 1970ರ ದಶಕದಲ್ಲಿ ಮಾಟವಿದ್ಯೆಯೂ ಒಂದು ವಿಜ್ಞಾನವೆಂದು ಬೆಳಕಿಗೆ ಬರುತ್ತದೆ. ಅದನ್ನು ಕಂಡುಹಿಡಿದವನು ಸುರವರಂ ವಿದ್ಯಾಸಾಗರನೆಂಬ ಭಾರತೀಯ. ಮಂತ್ರಕ್ಕೂ ಸಮೀಕರಣವುಂಟು, ಅಳತೆಯುಂಟು, ವಿಶ್ವವಿದ್ಯಾಲಯದಲ್ಲಿ ತರಗತಿಯುಂಟು. ನಾಯಕಿ ಲಾರಾ ಫರ್ನೊ ಆ ವಿದ್ಯೆಯ ವಿದ್ಯಾರ್ಥಿನಿ. ಕಳೆದುಕೊಂಡ ತಾಯಿಯನ್ನು ಮರಳಿ ಪಡೆಯಬೇಕೆಂಬ ಹಂಬಲ ಅವಳ ಓದಿನ ಹಿಂದಿನ ಒತ್ತಡ. ವಿಷಯದ ಮೇಲಿನ ಪ್ರೀತಿಗೂ ಮನಸ್ಸಿನ ಗಾಯಕ್ಕೂ ಇರುವ ಈ ನಂಟನ್ನು ಹ್ಯೂಸ್ ಕಂಡಿದ್ದಾರೆ. ಆದರೆ ಉತ್ತರಾರ್ಧದಲ್ಲಿ ಕಥೆ ಎಷ್ಟು ದೊಡ್ಡದಾಗುತ್ತದೆಂದರೆ, ತರಗತಿ, ಗೆಳೆತನ, ಪರೀಕ್ಷೆಗಳೆಲ್ಲ ಮಹಾಯುದ್ಧವೊಂದರ ಧೂಳಿನಲ್ಲಿ ಕಾಣದಾಗುತ್ತವೆ. ಕಥೆ ಹಿಗ್ಗಿದಷ್ಟೂ ಲಾರಾ ಕುಗ್ಗಿದಳೆನ್ನದೆ ವಿಧಿಯಿಲ್ಲ.

ಮೂರನೆಯದೇ ನಮ್ಮ ದೃಷ್ಟಿಯಲ್ಲಿ ಹೆಚ್ಚು ತೂಕದ್ದು. ಕ್ರೊಯೇಶಿಯದ ಡೊಮಗೊಯ್ ಕುರ್ಮಾಯಿಚ್ ಅವರ ‘ಮದರ್ ಆಫ್ ಲರ್ನಿಂಗ್’ 2011ರಿಂದ 2020ರ ವರೆಗೆ ನಿಧಾನವಾಗಿ ಹರಿದುಬಂತು. ಮಂತ್ರವಿದ್ಯಾಲಯದ ವಿದ್ಯಾರ್ಥಿ ಜೋರಿಯನ್ ಒಂದೇ ತಿಂಗಳನ್ನು ಮತ್ತೆ ಮತ್ತೆ ಬದುಕಬೇಕಾಗುತ್ತದೆ. ತಿಂಗಳು ಮುಗಿದೊಡನೆ ಎಲ್ಲ ಅಳಿಸಿಹೋಗುತ್ತದೆ. ಅವನು ಕಲಿತದ್ದು ಮಾತ್ರ ಉಳಿಯುತ್ತದೆ. ಇವನು ಅಪ್ರತಿಮ ಪ್ರತಿಭಾವಂತನಲ್ಲ, ಶ್ರಮಜೀವಿ. ಅವನ ಗುರು ಜ್‌ವಿಮ್ ಅತಿ ಸರಳವಾದ ಅಭ್ಯಾಸಗಳನ್ನೇ ಮಾಡಿಸಿ, ಸಾಲದೆಂದು ಮತ್ತೆ ಮೊದಲಿನಿಂದ ಮಾಡಿಸುತ್ತಾನೆ. ಮೊದಲು ಕಿರುಕುಳವೆಂದು ಕಂಡದ್ದು ಕ್ರಮೇಣ ವಿದ್ಯೆಯ ತಳಹದಿಯೆಂದು ತಿಳಿಯುತ್ತದೆ. ಸಂಗೀತ ಕಲಿಸುವ ಗುರುಗಳು ತಿಂಗಳುಗಟ್ಟಲೆ ಸರಳೆ ಹಾಡಿಸಿದ್ದನ್ನು ಬಲ್ಲ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯವರೆಂದರೆ ಸಿಡುಕುತ್ತಿದ್ದ ಜೋರಿಯನ್, ತಂಗಿಯನ್ನು ತನ್ನೊಡನೆ ಕರೆದೊಯ್ದು ಅವಳನ್ನು ನಿಜವಾಗಿ ಅರಿತುಕೊಳ್ಳುವ ಭಾಗ ಕೃತಿಗೆ ಮನುಷ್ಯತ್ವದ ಬಿಸುಪನ್ನು ತಂದಿದೆ. ಶೈಲಿ ಕೆಲವೆಡೆ ಒಣಗಿದೆ, ಯುದ್ಧದ ವರ್ಣನೆಗಳು ಬೆಳೆದಿವೆ. ಆದರೂ ಕಲಿಕೆಯೆಂಬ ನಿಧಾನದ ಕೆಲಸವನ್ನೇ ರೋಚಕವಾಗಿಸಿದ್ದು ಸಣ್ಣ ಸಾಧನೆಯಲ್ಲ.

ಇಲ್ಲಿಯೇ ಒಂದು ಆಕ್ಷೇಪವನ್ನೂ ಎತ್ತಬೇಕು. ಈ ಕಥೆಯಲ್ಲಿ ಕಾಲಕ್ಕೆ ಬೆಲೆಯಿಲ್ಲ. ಜೋರಿಯನ್ ಒಂದು ತಿಂಗಳು ಒಂದು ವಿದ್ಯೆ, ಇನ್ನೊಂದು ತಿಂಗಳು ಇನ್ನೊಂದು ವಿದ್ಯೆ ಎಂದು ಎಲ್ಲವನ್ನೂ ಪರೀಕ್ಷಿಸಬಲ್ಲ. ನಮ್ಮ ವಿದ್ಯಾರ್ಥಿಗೆ ಆ ಭಾಗ್ಯವಿಲ್ಲ. ಪಿಎಚ್.ಡಿ. ಎಂದರೆ ಐದಾರು ವರ್ಷಗಳ ಬಾಳು. 2023ರ ಜನವರಿಯಿಂದ ಕಿರಿಯ ಸಂಶೋಧಕರ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ ಆಗಿದೆ, ನಿಜ. ಆದರೆ ಮುಂಬಯಿಯಂಥ ಊರಿನಲ್ಲಿ ಬಾಡಿಗೆ ಕಟ್ಟುತ್ತ, ನಿವೃತ್ತಿಯ ಅಂಚಿನಲ್ಲಿರುವ ತಂದೆಯ ಮುಖ ನೋಡುತ್ತ, ಅದೇ ತರಗತಿಯ ಗೆಳೆಯ ನೌಕರಿ ಹಿಡಿದದ್ದನ್ನು ಕಾಣುತ್ತ ಆ ವರ್ಷಗಳನ್ನು ಕಳೆಯಬೇಕು. ಮೂರು ಕೃತಿಗಳಲ್ಲಿಯೂ ನಾಯಕರು ಲೋಕವನ್ನೇ ಪಣಕ್ಕಿಟ್ಟು ನಿರ್ಧರಿಸುತ್ತಾರೆ. ಐದು ವರ್ಷಗಳನ್ನು ಪಣಕ್ಕಿಡುವ ಸಾಮಾನ್ಯನ ಸಂಕಟವನ್ನು ಯಾವುದೂ ಮುಟ್ಟಿಲ್ಲ.

ಹಾಗಾದರೆ ಈ ಕಥೆಗಳಿಂದ ಪ್ರಯೋಜನವೇನು? ಜೋರಿಯನ್ನನ ತಿಂಗಳಿಗೆ ನಮ್ಮ ಲೋಕದಲ್ಲಿ ತಕ್ಕಮಟ್ಟಿಗೆ ಹೋಲುವುದು ಬೇಸಿಗೆಯ ತರಬೇತಿ. ಬೆಂಗಳೂರು, ದೆಹಲಿ, ಪ್ರಯಾಗರಾಜ್‌ಗಳ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆಯ ಸಂಶೋಧನಾ ಯೋಜನೆಯುಂಟು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ, ಮಾನ್ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿಯೂ ಪದವಿ ವಿದ್ಯಾರ್ಥಿಗಳಿಗೆ ಅವಕಾಶವಿದೆ. ಒಂದೆರಡು ತಿಂಗಳು ಅಲ್ಲಿದ್ದು ಬಂದರೆ ಉತ್ತರ ಬಾರದ ದಿನಗಳನ್ನು ತನ್ನ ಮನಸ್ಸು ತಾಳಬಲ್ಲುದೇ ಎಂಬುದು ತಿಳಿಯುತ್ತದೆ. ಬೇಡವೆನಿಸಿದರೆ ಕಳೆದುಕೊಂಡದ್ದು ಒಂದು ರಜೆ ಮಾತ್ರ. ಪ್ರಮಾಣಪತ್ರಕ್ಕಾಗಿ ಹೋಗುವವರಿಗೆ ಈ ಲಾಭ ದೊರೆಯದು.

ಕಥೆಯ ಗೀಳು ಓದಿಗೆ ಮಾರಕವೆಂಬ ಮಾತನ್ನೂ ನಾವು ಒಪ್ಪಲಾರೆವು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಿನಿಂದ ಕಥೆ ಕಳುಹಿಸಿದ ಜಯಂತ ನಾರಳೀಕರರು ಆಗಲೇ ಹೆಸರಾಂತ ಖಗೋಳವಿಜ್ಞಾನಿ. ಮುಂದೆ ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳವಿಜ್ಞಾನ ಕೇಂದ್ರವನ್ನು ಕಟ್ಟಿದರು, 2025ರಲ್ಲಿ ತೀರಿಕೊಳ್ಳುವ ವರೆಗೆ ಕಥೆಗಾರರೆಂದೂ ಪ್ರಸಿದ್ಧರಾಗಿದ್ದರು. ಓದುವ ಕಥೆ ಯಾವುದೆಂಬುದಕ್ಕಿಂತ, ಓದಿದ ಮೇಲೆ ಏನನ್ನು ಕೇಳಿಕೊಂಡೆವು ಎಂಬುದು ಮುಖ್ಯ.

ಆದ್ದರಿಂದ ತಂದೆ-ತಾಯಂದಿರು ಗದರುವ ಮೊದಲು ಈ ಮೂರರಲ್ಲಿ ಒಂದನ್ನಾದರೂ ಓದಲೆಂದು ನಮ್ಮ ಸೂಚನೆ. ಒಂದನ್ನೇ ಆರಿಸುವುದಾದರೆ ಕುರ್ಮಾಯಿಚ್ ಅವರದನ್ನು ಆರಿಸಲಿ. ನೌಕರಿಯ ಮಾತನ್ನು ನೇರವಾಗಿ ಎತ್ತಿದರೆ ಬಾಯಿ ಬಿಡದ ಮಗ ಅಥವಾ ಮಗಳು, ಜೋರಿಯನ್ನನ ವಿಷಯ ಬಂದರೆ ಒಂದು ಗಂಟೆ ಮಾತಾಡಿಯಾರು. ಆ ಮಾತಿನಲ್ಲಿ ಅವರ ಒಲವು ಎತ್ತ ಇದೆಯೆಂಬುದು ತಾನಾಗಿ ಹೊರಬೀಳುತ್ತದೆ.